ಬಲೆಗೆ ಸಿಕ್ಕ ನೀರೊಳ್ಳೆಯನ್ನು ನಾನು ಬಿಡಿಸುವ ಬಗೆ

ಕೆರೆಗೆ ಅಡ್ಡ ಕಟ್ಟಿದ ನೈಲಾನ್ ಬಲೆಯಲ್ಲಿ ಒದ್ದಾಡುವ ಮೀನು, ಕಪ್ಪೆ ತಿನ್ನಲು ಬರುವ ನೀರೊಳ್ಳೆ ಹಾವು ತಾನೇ ಸಿಕ್ಕಿಬೀಳುತ್ತದೆ. ಅದು ಶ್ವಾಸಕೋಶದಿಂದ ಉಸಿರಾಡುವ ಜೀವಿ. ನೀರಿನಡಿಯಲ್ಲೇ ಸಿಕ್ಕರೆ ಉಸಿರುಗಟ್ಟಿ ಸಾಯುತ್ತದೆ. ಬಲೆ ಸಮೇತ ಏರಿಯ ಮೇಲೆ ಎಸೆದರೆ ಬಿಸಿಲಿಗೆ ಸಾಯುತ್ತದೆ.

ಮೊದಲ ಕೆಲಸ ಗುರುತು ಹಿಡಿಯುವುದು, ಅದೂ ದೂರದಿಂದಲೇ. ಹೆದರಿದಾಗ ನೀರೊಳ್ಳೆ ತಲೆಯೆತ್ತಿ ಕತ್ತನ್ನು ಚಪ್ಪಟೆ ಮಾಡುತ್ತದೆ. ಅದನ್ನೇ ಹೆಡೆ ಎಂದುಕೊಂಡು ಜನ ಹೊಡೆಯುತ್ತಾರೆ. ಕಣ್ಣಿನ ಕೆಳಗೊಂದು, ಹಿಂದೊಂದು ಓರೆಯಾದ ಕಪ್ಪು ಗೆರೆ ಇರಬೇಕು. ಮೈಮೇಲೆ ಚದುರಂಗದ ಮಣೆಯಂತೆ ಕಪ್ಪು ಚೌಕಗಳ ಸಾಲು ಇರಬೇಕು. ಗದ್ದೆಯ ಬದುವಿನಲ್ಲಿ ನಾಗರಹಾವೂ ಓಡಾಡುತ್ತದೆ, ಆದ್ದರಿಂದ ಚೂರು ಅನುಮಾನವಿದ್ದರೂ ಮುಟ್ಟುವುದಿಲ್ಲ; ಅರಣ್ಯ ಇಲಾಖೆಗೋ ಹಾವು ಹಿಡಿಯುವ ಅನುಭವಿಗಳಿಗೋ ತಿಳಿಸುತ್ತೇನೆ. ವಿಷವಿಲ್ಲದಿದ್ದರೂ ನೀರೊಳ್ಳೆ ಜೋರಾಗಿಯೇ ಕಚ್ಚುತ್ತದೆ, ರಕ್ತ ಬರುತ್ತದೆ. ದಪ್ಪ ಚರ್ಮದ ಕೈಗವಸು ಬೇಕೇ ಬೇಕು.

ಬಲೆಯಿಂದ ಹಾವನ್ನು ಎಳೆಯುವುದೇ ಹೆಚ್ಚಿನವರು ಮಾಡುವ ತಪ್ಪು. ಸಪೂರ ತಲೆ ಬಲೆಯ ಕಣ್ಣಿನಲ್ಲಿ ನುಸುಳುತ್ತದೆ, ದಪ್ಪನೆಯ ನಡು ನುಸುಳುವುದಿಲ್ಲ. ಹಿಂದಕ್ಕೆ ಎಳೆದರೆ ಹಿಮ್ಮುಖವಾಗಿ ಜೋಡಿಸಿಕೊಂಡ ಹುರುಪೆಗಳ ಅಂಚಿಗೆ ದಾರ ಸಿಕ್ಕಿ ಚರ್ಮ ಸೀಳುತ್ತದೆ. ಬಾಲ ಹಿಡಿದು ಜಗ್ಗಿದರೆ ಅದು ತುಂಡಾಗಿಬಿಡಬಹುದು. ಹಲ್ಲಿಯ ಬಾಲದಂತೆ ಮತ್ತೆ ಬೆಳೆಯುವುದಿಲ್ಲ.

ನಾನು ಮೊದಲು ಹಾವಿನ ಸುತ್ತಲಿನ ಬಲೆಯನ್ನೇ ಒಂದು ಮೊಳದಷ್ಟು ಕತ್ತರಿಸಿ, ಹಾವಿನೊಂದಿಗೆ ನೆರಳಿಗೆ ತರುತ್ತೇನೆ. ತಲೆಯ ಮೇಲೆ ಒದ್ದೆ ಹತ್ತಿಬಟ್ಟೆ ಹೊದಿಸಿದರೆ ಹಾರಾಟ ಕಡಿಮೆಯಾಗುತ್ತದೆ. ಒಬ್ಬರು ಬಟ್ಟೆಯ ಮೇಲಿಂದ ಕತ್ತಿನ ಹಿಂದೆ ಹಗುರವಾಗಿ ಹಿಡಿಯಬೇಕು, ಇನ್ನೊಬ್ಬರು ಕತ್ತರಿಸಬೇಕು. ಮೊಂಡು ತುದಿಯ, ಬ್ಯಾಂಡೇಜ್ ಕತ್ತರಿಸುವಂಥ ಕತ್ತರಿಯೇ ಒಳ್ಳೆಯದು. ಬ್ಲೇಡು ಜಾರಿದರೆ ಹೊಟ್ಟೆಗೇ ತಾಗುತ್ತದೆ. ಬಾಲದ ಕಡೆಯಿಂದ ಶುರುಮಾಡಿ, ಮೊಂಡು ತುದಿಯನ್ನು ಪಕ್ಕೆಯಲ್ಲಿ ದಾರದಡಿ ತೂರಿಸಿ ಒಂದೊಂದೇ ಎಳೆ ಕತ್ತರಿಸುತ್ತೇನೆ. ಕತ್ತಿನ ಎಳೆ ಕೊನೆಗೆ. ಊತವಿದ್ದ ಕಡೆ ದಾರ ಚರ್ಮದೊಳಗೆ ಹೂತಿರುತ್ತದೆ. ಆ ಜಾಗವನ್ನು ನೀರಿನಿಂದ ತೋಯಿಸಿ ಮತ್ತೆ ಹುಡುಕಬೇಕು. ಒಂದೇ ಎಳೆ ಉಳಿದರೂ ಹಾವು ಮೀನು ನುಂಗಿದಾಗ ಅದು ಉರುಳಾಗುತ್ತದೆ. ನುಂಗಿದ್ದನ್ನು ಈ ನಡುವೆ ಕಕ್ಕಿದರೆ ಗಾಬರಿಯಾಗಬೇಡಿ, ಬಾಯಿ ಮಾತ್ರ ತೆರವಾಗಿರಲಿ.

ಚರ್ಮ ಸೀಳಿ ಮಾಂಸ ಕಾಣುತ್ತಿದ್ದರೆ ಬಿಡುವುದಿಲ್ಲ, ಇಲಾಖೆಯ ಮೂಲಕ ಪಶುವೈದ್ಯರಿಗೆ ತೋರಿಸಬೇಕು. ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಹಾವು, ಮನೆಯಲ್ಲಿಟ್ಟು ಆರೈಕೆ ಮಾಡುವಂತಿಲ್ಲ. ಗಾಯವಿಲ್ಲದಿದ್ದರೆ ಗಾಳಿಯಾಡುವ ಬಟ್ಟೆಚೀಲದಲ್ಲಿ ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಲು ಬಿಟ್ಟು, ನಾಲಿಗೆ ಚಾಚುತ್ತಾ ಚುರುಕಾದ ಮೇಲೆ ಅದೇ ಕೆರೆಯಂಚಿನ ಜೊಂಡಿನಲ್ಲಿ ಬಿಡುತ್ತೇನೆ. ಆಳ ನೀರಿಗೆ ಎಸೆಯುವುದಂತೂ ಬೇಡವೇ ಬೇಡ, ಬಳಲಿದ ಹಾವು ಈಜಲಾರದು.

ಬೇರೆ ಕೆರೆಗೆ ಒಯ್ಯದಿರಲು ಕಾರಣವಿದೆ. ಹೆಣ್ಣು ನೀರೊಳ್ಳೆ ಏರಿಯ ಬಿಲಗಳಲ್ಲಿ, ದಡದ ಸಂದುಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಕಾವಲಿರುತ್ತದೆ. ಒಂದು ಸಲಕ್ಕೆ ಹಲವು ಡಜನ್ ಮೊಟ್ಟೆಗಳಿರಬಹುದು. ತಾಯಿಯನ್ನು ಸಾಗಿಸಿದರೆ ಆ ಬಿಲ ಕಾವಲಿಲ್ಲದೆ ಉಳಿಯುತ್ತದೆ. ಕತ್ತರಿಸಿದ ಬಲೆಯ ಚೂರುಗಳನ್ನು ಮಾತ್ರ ಒಂದನ್ನೂ ಬಿಡದೆ ಆರಿಸಿ ತರಬೇಕು. ಜೊಂಡಿಗೆ ಸಿಕ್ಕಿಕೊಂಡ ತುಂಡುಬಲೆ ವರ್ಷಗಟ್ಟಲೆ ಕೊಳೆಯದೆ ಹಾವು ಹಿಡಿಯುತ್ತಲೇ ಇರುತ್ತದೆ.