ಹಾಸನದಲ್ಲೇ ಕೂತು ಐಐಟಿಯ ಎಐ ಕೋರ್ಸ್ ಮುಗಿಸುವುದು ಹೇಗೆ?

"ಅಣ್ಣಾ, ಎಐ ಕಲೀಬೇಕು ಅಂದ್ರೆ ಬೆಂಗಳೂರಿಗೇ ಹೋಗ್ಬೇಕಾ?"

ಪಕ್ಕದ ಮನೆಯ ಹುಡುಗಿ ಕೇಳಿದಳು. ಬಿಕಾಂ ಕೊನೆಯ ವರ್ಷ. ಕೈಯಲ್ಲಿ ಯಾವುದೋ ಕೋಚಿಂಗ್ ಸೆಂಟರ್‌ನ ಪಾಂಪ್ಲೆಟ್ ಇತ್ತು. ಮೂರು ತಿಂಗಳಿಗೆ 45 ಸಾವಿರ ರೂಪಾಯಿ, ಪಿಜಿ ಖರ್ಚು ಬೇರೆ. ಅವಳಮ್ಮ ಬಾಗಿಲಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದರು.

ಬೇಕಿಲ್ಲ ಎಂದೆ. ನಾನು ಓದಿದ್ದು ಬಿಎಸ್ಸಿ, ದಿನದ ಕೆಲಸ ಲೆಕ್ಕಪತ್ರದ್ದು. ರಾತ್ರಿ ಊಟವಾದ ಮೇಲೆ ಕೂತು, ಹಾಸನ ಬಿಟ್ಟು ಎಲ್ಲೂ ಹೋಗದೆ, ಐಐಟಿಯ 12 ವಾರದ ಎಐ ಕೋರ್ಸ್ ಮುಗಿಸಿದ್ದೇನೆ. ಒಂದೇ ಸಲಕ್ಕಲ್ಲ, ಎರಡನೇ ಸಲಕ್ಕೆ. ಮೊದಲನೇ ಸಲ ಯಾಕೆ ಎಡವಿದೆ ಎಂಬುದನ್ನೂ ಹೇಳುತ್ತೇನೆ. ನೀವೂ ಅಲ್ಲೇ ಎಡವಬಾರದಲ್ವಾ?

ಮೊದಲು ಕೋರ್ಸ್ ಆರಿಸಿ, ಒಂದೇ ಒಂದು

ಮನೆಯಲ್ಲಿ ಕೂತು ವಿಶ್ವವಿದ್ಯಾಲಯದ ಎಐ ಪಾಠ ಕೇಳುವ ಪದ್ಧತಿ ಜೋರಾಗಿ ಶುರುವಾದದ್ದು 2011ರಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ ಸೆಬಾಸ್ಟಿಯನ್ ತ್ರನ್ ಮತ್ತು ಪೀಟರ್ ನಾರ್ವಿಗ್ ತಮ್ಮ ತರಗತಿಯನ್ನು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಹೆಸರು ಕೊಟ್ಟವರು ಸುಮಾರು 1,60,000 ಜನ. ಕೊನೆತನಕ ಉಳಿದವರು 20 ಸಾವಿರ ಚಿಲ್ಲರೆ. ನಡುವೆ ಬಿಟ್ಟವರೆಲ್ಲ ದಡ್ಡರಾಗಿರಲಿಲ್ಲ. ಹೆಸರು ಕೊಡುವುದು ಸುಲಭ, ಅಷ್ಟೇ.

ನಮ್ಮ ದೇಶದಲ್ಲಿ ಇದಕ್ಕೂ ಮೊದಲೇ, 2003ರಲ್ಲಿ, ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಆರಂಭಿಸಿದ್ದವು. ಈಗ ಅದರ ಕೋರ್ಸ್‌ಗಳು ಕೇಂದ್ರ ಸರ್ಕಾರದ 'ಸ್ವಯಂ' ತಾಣದಲ್ಲಿ ಸಿಗುತ್ತವೆ. ಪಾಠ ಕೇಳಲು ಒಂದು ರೂಪಾಯಿಯೂ ಕೊಡಬೇಕಿಲ್ಲ.

ಐಐಟಿ ದೆಹಲಿಯ ಪ್ರೊ. ಮೌಸಮ್ ಅವರದು ಎಐ ಪರಿಚಯದ ಕೋರ್ಸ್. ಐಐಟಿ ಮದ್ರಾಸಿನ ಪ್ರೊ. ದೀಪಕ್ ಖೇಮಾನಿ ಅವರದು 'ಸರ್ಚ್', ಅಂದರೆ ಉತ್ತರ ಹುಡುಕುವ ವಿಧಾನಗಳ ಬಗ್ಗೆ. ಅದೇ ಐಐಟಿಯ ಪ್ರೊ. ಬಿ. ರವೀಂದ್ರನ್ ಅವರದು ಮಷಿನ್ ಲರ್ನಿಂಗ್, ಅಂದರೆ ಉದಾಹರಣೆ ಕೊಟ್ಟು ಕಂಪ್ಯೂಟರಿಗೆ ಕಲಿಸುವುದು. ಮೂರೂ ಚೆನ್ನಾಗಿವೆ. ಪ್ರತಿ ಅವಧಿಯಲ್ಲೂ ಎಲ್ಲವೂ ಇರುವುದಿಲ್ಲ, ಪಟ್ಟಿ ನೋಡಿಕೊಳ್ಳಿ. ಮೊದಲ ಸಲದವರಿಗೆ ನಾನು ಹೇಳುವುದು ಪರಿಚಯದ ಕೋರ್ಸನ್ನೇ. ಮೂರಕ್ಕೂ ಒಟ್ಟಿಗೆ ಹೆಸರು ಕೊಡುವ ಆಸೆ ಬರುತ್ತದೆ. ಮದುವೆ ಊಟದಲ್ಲಿ ಎಲೆ ತುಂಬ ಬಡಿಸಿಕೊಂಡ ಹಾಗೆ, ಅರ್ಧ ಎಲೆಯಲ್ಲೇ ಉಳಿಯುತ್ತದೆ.

ಬಿಕಾಂ, ಬಿಎ ಓದಿದವರು ನೇರ ಐಐಟಿ ಕೋರ್ಸಿಗೆ ಹಾರುವುದು ಬೇಡ. ಹೆಲ್ಸಿಂಕಿ ವಿಶ್ವವಿದ್ಯಾಲಯ 2018ರಿಂದ 'ಎಲಿಮೆಂಟ್ಸ್ ಆಫ್ ಎಐ' ಎಂಬ ಉಚಿತ ಕೋರ್ಸ್ ನಡೆಸುತ್ತಿದೆ. ಕೋಡಿಂಗ್ ಬೇಡ, ಇಂಗ್ಲಿಷ್ ಸರಳ. ನಾಲ್ಕೈದು ಭಾನುವಾರ ಸಾಕು. ಅದು ರುಚಿಸಿದರೆ ಒಂದು ತಿಂಗಳು ಪೈಥಾನ್ ಎಂಬ ಕೋಡಿಂಗ್ ಭಾಷೆ ಕಲಿತು ಆಮೇಲೆ ಐಐಟಿಯ ಕೋರ್ಸಿಗೆ ಬನ್ನಿ. ರುಚಿಸದಿದ್ದರೆ ಕಳೆದುಕೊಂಡದ್ದೇನೂ ಇಲ್ಲ, 45 ಸಾವಿರ ಉಳಿಯಿತು.

ಹಳೆ ಪಿಯುಸಿ ಪುಸ್ತಕ ಅಟ್ಟದಿಂದ ಇಳಿಸಿ

ಬೇಕಾದ ಗಣಿತ ಎಷ್ಟು? ದ್ವಿತೀಯ ಪಿಯುಸಿಯ ಮಟ್ಟದ್ದು ಸಾಕು. ಮ್ಯಾಟ್ರಿಕ್ಸ್, ಡಿಫರೆನ್ಷಿಯೇಷನ್, ಪ್ರಾಬಬಿಲಿಟಿ. ಅದರಲ್ಲೂ ಕೊನೆಯ ಪಾಠದಲ್ಲಿ ಬರುವ ಬೇಯ್ಸ್ ಪ್ರಮೇಯ. ಪರೀಕ್ಷೆಗೆ ಉರು ಹೊಡೆದು ಮರೆತ ಆ ಪ್ರಮೇಯವೇ ಇಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ನಮ್ಮ ಕಡೆಯ ಉದಾಹರಣೆ ನೋಡಿ. ಆಲೂಗಡ್ಡೆ ಹೊಲದಲ್ಲಿ 100 ಗಿಡ ಇವೆ ಎನ್ನಿ. ಅದರಲ್ಲಿ 10ಕ್ಕೆ ಅಂಗಮಾರಿ ಬಂದಿದೆ. ಎಲೆಯ ಫೋಟೊ ನೋಡಿ ರೋಗ ಹೇಳುವ ಒಂದು ಆ್ಯಪ್ ಇದೆ. ರೋಗ ಇರುವ 10ರಲ್ಲಿ 9ನ್ನು ಅದು ಸರಿಯಾಗಿ ಹಿಡಿಯುತ್ತದೆ. ಆರೋಗ್ಯವಾಗಿರುವ ಗಿಡಗಳಲ್ಲಿ ಹತ್ತಕ್ಕೆ ಒಂದನ್ನು ಸುಮ್ನೆ ರೋಗ ಎಂದುಬಿಡುತ್ತದೆ. ಈಗ ಆ್ಯಪ್ ಒಂದು ಗಿಡಕ್ಕೆ "ಅಂಗಮಾರಿ" ಎಂದಿತು. ನಿಜವಾಗಿಯೂ ರೋಗ ಇರುವ ಸಾಧ್ಯತೆ ಎಷ್ಟು?

ನೂರಕ್ಕೆ 90 ಎನ್ನುವವರೇ ಜಾಸ್ತಿ. ಎಣಿಸಿ ನೋಡಿ. ರೋಗದ 10ರಲ್ಲಿ ಸಿಕ್ಕಿಬಿದ್ದದ್ದು 9. ಚೆನ್ನಾಗಿರುವ 90ರಲ್ಲಿ ತಪ್ಪಾಗಿ ಸಿಕ್ಕಿದ್ದೂ 9. ಒಟ್ಟು 18ರಲ್ಲಿ ನಿಜವಾದದ್ದು 9, ಅಂದರೆ ಅರ್ಧಕ್ಕರ್ಧ. ಔಷಧಿ ಹೊಡೆಯಬೇಕೋ ಬೇಡವೋ ಎಂದು ನಾಣ್ಯ ಚಿಮ್ಮಿದ ಹಾಗೇ ಆಯಿತು. ಇಷ್ಟೇ ಬೇಯ್ಸ್ ಪ್ರಮೇಯ. ಸೂತ್ರ ಮರೆತರೂ ಈ ಎಣಿಕೆ ಮರೆಯಬೇಡಿ.

ಹೆಸರು ಕೊಡುವುದು ಎರಡು ಸಲ

ನಾನು ಎಡವಿದ್ದು ಇಲ್ಲೇ. ಸ್ವಯಂ ತಾಣದಲ್ಲಿ ಕೋರ್ಸಿಗೆ ಸೇರುವುದು ಒಂದು ಕೆಲಸ, ಅದು ಉಚಿತ. ಪರೀಕ್ಷೆಗೆ ನೋಂದಾಯಿಸುವುದು ಬೇರೆಯೇ ಕೆಲಸ. ಅದಕ್ಕೆ ಬೇರೆ ಫಾರ್ಮ್, ಬೇರೆ ಕೊನೆಯ ದಿನ. ಶುಲ್ಕ ಒಂದು ಕೋರ್ಸಿಗೆ 1,000 ರೂಪಾಯಿ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ಅದರಲ್ಲಿ ಅರ್ಧ. ನಾನು ಮೊದಲನೆಯದನ್ನು ಮಾಡಿ, ಎಲ್ಲ ಆಯಿತು ಎಂದುಕೊಂಡು ಹತ್ತು ವಾರ ಅಸೈನ್‌ಮೆಂಟ್ ಬರೆದೆ. ಹಾಲ್ ಟಿಕೆಟ್ ಯಾವಾಗ ಬರುತ್ತದೆ ಎಂದು ಸಹೋದ್ಯೋಗಿಯನ್ನು ಕೇಳಿದಾಗ ಅವರು ನಕ್ಕರು. ನಗುವ ವಿಷಯವೇ.

ಹಾಗಾಗಿ ಪರೀಕ್ಷಾ ನೋಂದಣಿಯ ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ. ಫಾರ್ಮಿನಲ್ಲಿ ಹೆಸರು ಗುರುತಿನ ಚೀಟಿಯಲ್ಲಿ ಇರುವ ಹಾಗೇ ಇರಲಿ. ಪ್ರಮಾಣಪತ್ರದಲ್ಲಿ ಬರುವುದು ಅದೇ. ಪರೀಕ್ಷಾ ಊರನ್ನೂ ಅಲ್ಲೇ ಆರಿಸಬೇಕು. ಪಟ್ಟಿಯಲ್ಲಿ ಹಾಸನ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೈಸೂರು ಹಾಕಿ. ಬೆಳಗಿನ ಬಸ್ಸಿಗೆ ಹೋಗಿ ರಾತ್ರಿ ಊಟಕ್ಕೆ ವಾಪಸ್ ಬರಬಹುದು.

ಇನ್ನೂ ಡಿಗ್ರಿ ಓದುತ್ತಿರುವವರು ಒಂದು ವಿಷಯ ಗಮನಿಸಿ. ಯುಜಿಸಿಯ 2021ರ ನಿಯಮದಂತೆ ಸ್ವಯಂ ಕೋರ್ಸಿನ ಕ್ರೆಡಿಟ್ಟನ್ನು ನಿಮ್ಮ ಪದವಿಗೆ ಸೇರಿಸಿಕೊಳ್ಳಲು ಅವಕಾಶವಿದೆ, ಒಂದು ಸೆಮಿಸ್ಟರಿನ ವಿಷಯಗಳಲ್ಲಿ ಶೇ 40ರವರೆಗೆ. ಆದರೆ ಕಾಲೇಜು ಒಪ್ಪಬೇಕು. ಪರೀಕ್ಷೆ ಬರೆದ ಮೇಲಲ್ಲ, ಸೇರುವ ಮೊದಲೇ ಹೋಗಿ ಪ್ರಿನ್ಸಿಪಾಲರ ಹತ್ತಿರ ಮಾತಾಡಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.

ವಿಡಿಯೊ ನೋಡಿದ್ದು ಓದಿದ್ದಲ್ಲ

ಇದನ್ನೇ ನಾನು ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕಿರುವುದು. ಪ್ರೊಫೆಸರ್ ಬೋರ್ಡಿನ ಮೇಲೆ ಬರೆಯುವಾಗ ಎಲ್ಲವೂ ಅರ್ಥವಾದಂತೆ ಇರುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ಹಾಳೆ ತೆಗೆದರೆ ಕೈ ಓಡುವುದಿಲ್ಲ. ಪ್ರತಿ ಪಾಠವನ್ನೂ ನಿಮ್ಮೂರಿನ ಲೆಕ್ಕಕ್ಕೆ ಇಳಿಸಿ, ಪೆನ್ಸಿಲಿನಲ್ಲಿ ಮಾಡಿ. ಎರಡನೇ ವಾರಕ್ಕೋ ಮೂರನೇ ವಾರಕ್ಕೋ 'ಎ-ಸ್ಟಾರ್' ಎಂಬ ಹುಡುಕುವ ವಿಧಾನ ಬರುತ್ತದೆ. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಶೇಕಿ ಎಂಬ ರೋಬೊಗೆ ದಾರಿ ತೋರಿಸಲು ಹೊರಟವರು 1968ರಲ್ಲಿ ಪ್ರಕಟಿಸಿದ್ದು. ನಾನು ಅದನ್ನು ಕಲಿತದ್ದು ಹಾಸನದಿಂದ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿ.

ಹಾಳೆಯ ಮೇಲೆ ಐದು ಊರು ಬರೆಯಿರಿ. ದೂರವನ್ನು ಲೆಕ್ಕಕ್ಕೆ ಸುಲಭವಾಗಲಿ ಎಂದು ದುಂಡು ಮಾಡಿದ್ದೇನೆ. ಹಾಸನದಿಂದ ಬೇಲೂರು 40 ಕಿ.ಮೀ., ಹಳೇಬೀಡು 30, ಸಕಲೇಶಪುರ 40. ಹಳೇಬೀಡಿನಿಂದ ಬೇಲೂರು 16. ಸಕಲೇಶಪುರದಿಂದ ಬೇಲೂರು 35. ಬೇಲೂರಿನಿಂದ ಚಿಕ್ಕಮಗಳೂರು 25.

ನಮಗೆ ದಾರಿ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಸಿಕ್ಕ ದಾರಿಯಲ್ಲಿ ಸುಮ್ಮನೆ ಮುಂದೆ ಹೋಗು ಎಂದರೆ ಅದು ಸಕಲೇಶಪುರಕ್ಕೆ ಹೋಗಿ, ಅಲ್ಲಿಂದ ಬೇಲೂರಿಗೆ ಬಂದು, 100 ಕಿ.ಮೀ. ಸುತ್ತಿಸಬಹುದು. ಹಾಗಾಗಿ ಎ-ಸ್ಟಾರ್ ಪ್ರತಿ ಊರಿಗೂ ಎರಡು ಸಂಖ್ಯೆ ಕೂಡಿಸುತ್ತದೆ. ಇಲ್ಲಿಯವರೆಗೆ ಬಂದ ದೂರ ಒಂದು. ಇಲ್ಲಿಂದ ಗುರಿಗೆ ಕಾಗೆ ಹಾರಿದರೆ ಎಷ್ಟು ದೂರ ಎಂಬ ಅಂದಾಜು ಇನ್ನೊಂದು. ಚಿಕ್ಕಮಗಳೂರಿಗೆ ಬೇಲೂರಿನಿಂದ ಕಾಗೆಯ ದೂರ ಸುಮಾರು 20, ಹಳೇಬೀಡಿನಿಂದ 27, ಸಕಲೇಶಪುರದಿಂದ 42.

ಕೂಡಿಸಿ. ಬೇಲೂರು 40+20=60. ಹಳೇಬೀಡು 30+27=57. ಸಕಲೇಶಪುರ 40+42=82. ಕಡಿಮೆ ಇರುವುದು ಹಳೇಬೀಡು. ಹಾಗಾಗಿ ಅದು ಮೊದಲು ಹಳೇಬೀಡಿನ ಕಡೆ ನೋಡುತ್ತದೆ! ನನಗೂ ಮೊದಲ ಸಲ ತಪ್ಪು ಮಾಡಿದೆನೇನೋ ಎನಿಸಿತು. ಮುಂದೆ ನೋಡಿ. ಹಳೇಬೀಡಿನ ಮೂಲಕ ಬೇಲೂರಿಗೆ ಬಂದರೆ 46, ಕಾಗೆಯ 20 ಸೇರಿ 66. ನೇರವಾಗಿ ಬಂದ ಬೇಲೂರಿನ 60 ಇದಕ್ಕಿಂತ ಕಡಿಮೆ. ಹಾಗಾಗಿ ಹಳೇಬೀಡಿನ ದಾರಿ ಬಿಟ್ಟು ನೇರ ಬೇಲೂರಿಗೆ ಮರಳುತ್ತದೆ. ಅಲ್ಲಿಂದ ಚಿಕ್ಕಮಗಳೂರು 40+25=65. ಬಾಕಿ ಉಳಿದ ಸಕಲೇಶಪುರದ 82 ಇದಕ್ಕಿಂತ ಜಾಸ್ತಿ. ಮುಗಿಯಿತು. ಸಕಲೇಶಪುರದ ದಾರಿಯನ್ನು ಅದು ಬಿಚ್ಚಿಯೂ ನೋಡಲಿಲ್ಲ.

ಕಾಗೆಯ ದೂರ ಎಂದೂ ರಸ್ತೆಯ ದೂರಕ್ಕಿಂತ ಜಾಸ್ತಿ ಇರುವುದಿಲ್ಲ ಅಲ್ವಾ? ಅಂದಾಜು ನಿಜಕ್ಕಿಂತ ಜಾಸ್ತಿಯಾಗದಿದ್ದರೆ, ಸಿಕ್ಕ ದಾರಿಯೇ ಅತಿ ಹತ್ತಿರದ್ದು ಎಂಬ ಗ್ಯಾರಂಟಿ ಇದೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಹಾಳೆಯಲ್ಲಿ ಮಾಡಿದವರಿಗೆ ವೇಷ ಗೊತ್ತಾಗುತ್ತದೆ.

ಪೈಥಾನ್ ಅಭ್ಯಾಸಕ್ಕೆ ದೊಡ್ಡ ಕಂಪ್ಯೂಟರ್ ಬೇಡ. ಗೂಗಲ್ ಕೊಲಾಬ್ ಬ್ರೌಸರಿನಲ್ಲೇ ಓಡುತ್ತದೆ, ಉಚಿತ. ಫೋನಿನಲ್ಲೂ ತೆರೆಯುತ್ತದೆ, ಆದರೆ ಕಣ್ಣಿಗೆ ಶಿಕ್ಷೆ. ಇಂಗ್ಲಿಷ್ ಪಾಠ ವೇಗವಾಯಿತು ಎನಿಸಿದರೆ ವಿಡಿಯೊ ವೇಗ ಕಡಿಮೆ ಮಾಡಿ, ಸಬ್‌ಟೈಟಲ್ ಹಾಕಿಕೊಳ್ಳಿ.

ಮಳೆ, ಕರೆಂಟ್ ಮತ್ತು ಬುಧವಾರದ ಸಂತೆ

ಕೋರ್ಸ್‌ಗಳು ವರ್ಷಕ್ಕೆ ಎರಡು ಅವಧಿ. ಜನವರಿಯಿಂದ ಒಂದು, ಜುಲೈಯಿಂದ ಇನ್ನೊಂದು. ಕಾಫಿ ತೋಟದವರಿಗೆ ಜನವರಿ ಕಷ್ಟ, ಕೊಯ್ಲಿನ ಕೆಲಸ ಇನ್ನೂ ಮುಗಿದಿರುವುದಿಲ್ಲ. ಜುಲೈಯಲ್ಲಿ ಬಿಡುವಿದೆ, ಆದರೆ ಮಳೆ ಇದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಒಂದು ಮರ ತಂತಿ ಮೇಲೆ ಬಿದ್ದರೆ ಎರಡು ಮೂರು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅಸೈನ್‌ಮೆಂಟಿನ ಕೊನೆಯ ದಿನ ಮಳೆಗೆ ಕಾಯುವುದಿಲ್ಲ. ಅದಕ್ಕೇ ಎರಡು ದಿನ ಮೊದಲೇ ಸಲ್ಲಿಸುವ ಅಭ್ಯಾಸ ಇಟ್ಟುಕೊಳ್ಳಿ. ಪೇಟೆಗೆ, ಸಂತೆಗೆ ಬಂದ ದಿನ ಮುಂದಿನ ವಾರದ ವಿಡಿಯೊಗಳನ್ನು ಇಳಿಸಿಕೊಂಡು ಹೋಗಿ. ನಮ್ಮ ಚಿಕ್ಕಪ್ಪನ ಮಗ ಬುಧವಾರದ ಸಂತೆಯ ಚೀಲದ ಜೊತೆ ಇದನ್ನೂ ತುಂಬಿಕೊಂಡು ಹೋಗುತ್ತಿದ್ದ.

12 ವಾರದ ಕೋರ್ಸಿನಲ್ಲಿ ಉತ್ತಮ 8 ಅಸೈನ್‌ಮೆಂಟ್‌ಗಳ ಸರಾಸರಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮಳೆಗೆ ಒಂದೆರಡು ಹೋದರೂ ಗಾಬರಿ ಬೇಡ. ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಪಾಸಾಗಲು 25ರಲ್ಲಿ 10, 75ರಲ್ಲಿ 30, ಎರಡೂ ಬೇಕು. ಚಾಟ್‌ಜಿಪಿಟಿಯನ್ನು ಕೇಳಿ ಅಸೈನ್‌ಮೆಂಟ್ ತುಂಬುವವರು ಆ 25ನ್ನು ಪೂರ್ತಿ ತೆಗೆದುಕೊಳ್ಳಬಹುದು. ಪರೀಕ್ಷಾ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಮೂರು ಗಂಟೆ ಒಬ್ಬರೇ ಕೂತಾಗ 75ಕ್ಕೆ ಯಾರನ್ನು ಕೇಳುತ್ತಾರೆ? ಅರ್ಥವಾಗದ್ದನ್ನು ವಿವರಿಸು ಎಂದು ಅದನ್ನು ಕೇಳಿ, ತಪ್ಪೇನಿಲ್ಲ. ಉತ್ತರ ಕೇಳಬೇಡಿ.

ಪರೀಕ್ಷೆಯ ದಿನ ಹಾಲ್ ಟಿಕೆಟಿನ ಪ್ರಿಂಟ್, ಮೂಲ ಗುರುತಿನ ಚೀಟಿ ಎರಡೂ ಜೇಬಿನಲ್ಲಿರಲಿ. ಜುಲೈ ಅವಧಿಯ ಪರೀಕ್ಷೆ ಹಾಸನಾಂಬ ದರ್ಶನದ ದಿನಗಳಿಗೆ ಬಿದ್ದರೆ ಒಂದು ಗಂಟೆ ಜಾಸ್ತಿ ಇಟ್ಟುಕೊಂಡು ಹೊರಡಿ. ಆಗ ಹಾಸನದ ಪೇಟೆಯೊಳಗೆ ಆಟೊ ಹಿಡಿದು ಹೋಗುವುದಕ್ಕಿಂತ ನಡೆದೇ ಬೇಗ ತಲುಪುತ್ತೀರಿ.

ಕೋರ್ಸ್ ಮುಗಿದ ಮೇಲೆ ಒಂದು ಎಲೆ

ಪ್ರಮಾಣಪತ್ರ ಇಂಟರ್‌ನೆಟ್‌ನಲ್ಲೇ ಬರುತ್ತದೆ. 60 ದಾಟಿದರೆ 'ಎಲೀಟ್' ಎಂದಿರುತ್ತದೆ. ನನ್ನದು 58, ಬಿಡಿ. ಅದನ್ನು ತೋರಿಸಿದ ಕೂಡಲೇ ಕೆಲಸ ಕೊಡುವವರು ಯಾರೂ ಇಲ್ಲ. ಕಲಿತದ್ದನ್ನು ಎಲ್ಲಾದರೂ ಹಚ್ಚಿ ನೋಡಬೇಕು.

ನಾನು ಆಲೂಗಡ್ಡೆ ಎಲೆ ಹಿಡಿದೆ. 'ಪ್ಲಾಂಟ್‌ವಿಲೇಜ್' ಎಂಬ ಸಂಗ್ರಹದಲ್ಲಿ 54 ಸಾವಿರಕ್ಕೂ ಹೆಚ್ಚು ಎಲೆಗಳ ಫೋಟೊ ಉಚಿತವಾಗಿ ಸಿಗುತ್ತವೆ. ಆಲೂಗಡ್ಡೆಯದು ಮೂರು ಬಗೆ: ಬೇಗ ಬರುವ ಎಲೆ ಚುಕ್ಕೆ ರೋಗ, ಅಂಗಮಾರಿ, ಆರೋಗ್ಯವಾದ ಎಲೆ. ರೋಗದ್ದು ತಲಾ 1,000, ಆರೋಗ್ಯದ್ದು ಬರೀ 152. ಈ ಫೋಟೊಗಳನ್ನು ಕೊಟ್ಟು, ಎಲೆ ನೋಡಿ ರೋಗ ಹೇಳಲು ಕೊಲಾಬ್‌ನಲ್ಲಿ ಒಂದು ಪ್ರೋಗ್ರಾಮಿಗೆ ಕಲಿಸಿದೆ. ಅದರದೇ ಫೋಟೊಗಳ ಮೇಲೆ ಪರೀಕ್ಷಿಸಿದರೆ ಎಲ್ಲ ಸರಿ ಹೇಳುತ್ತಿತ್ತು. ನಮ್ಮ ಹೊಲದ ಎಲೆಯ ಫೋಟೊ ಕೊಟ್ಟೆ. ಹಸಿರಾಗಿ ನಳನಳಿಸುವ ಎಲೆಗೂ "ಅಂಗಮಾರಿ" ಎಂದಿತು.

ಕಾರಣ ಹುಡುಕಲು ಒಂದು ವಾರ ಹಿಡಿಯಿತು. ಸಂಗ್ರಹದ ಎಲೆಗಳನ್ನು ಕಿತ್ತು, ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದಿದ್ದಾರೆ. ನಮ್ಮ ಎಲೆಯ ಹಿಂದೆ ಕೆಂಪು ಮಣ್ಣು, ಕಳೆ, ಅಪ್ಪನ ಕಾಲು. ಇದನ್ನೆಲ್ಲ ಅದು ಎಂದೂ ಕಂಡಿರಲಿಲ್ಲ. ಆರೋಗ್ಯದ ಎಲೆಗಳನ್ನೂ ಕಡಿಮೆ ಕಂಡಿತ್ತು. ಸಂದೇಹ ಬಂದಾಗೆಲ್ಲ ರೋಗದ ಕಡೆಗೇ ವಾಲುತ್ತಿತ್ತು.

ಈಗ ಪಕ್ಕದ ಮನೆ ಹುಡುಗಿ ಭಾನುವಾರ ಬೆಳಗ್ಗೆ ನಮ್ಮ ಹೊಲಕ್ಕೆ ಬರುತ್ತಾಳೆ. ಒಂದೊಂದು ಎಲೆಗೂ ಮಣ್ಣಿನ ಹಿನ್ನೆಲೆಯಲ್ಲಿ ಒಂದು, ಹಿಂದೆ ಬಿಳಿ ಹಾಳೆ ಹಿಡಿದು ಒಂದು, ಹೀಗೆ ಎರಡೆರಡು ಫೋಟೊ. ಇಲ್ಲಿಯವರೆಗೆ 340 ಆಗಿವೆ. ಪಾಂಪ್ಲೆಟ್ ಅವಳ ನೋಟ್‌ಬುಕ್ಕಿನೊಳಗೇ ಇದೆ. ಹಿಂಬದಿ ಖಾಲಿ ಇತ್ತು, ಅದರ ಮೇಲೆ ಎ-ಸ್ಟಾರ್ ಲೆಕ್ಕ ಮಾಡಿದ್ದಾಳೆ, ಅರಸೀಕೆರೆಯನ್ನೂ ಸೇರಿಸಿಕೊಂಡು.