ಊರು ಬಿಟ್ಟಾಗ ಬಿಪಿ ಮಾತ್ರೆ ಮುಗಿದರೆ: ನನ್ನ ಅನುಭವ

ಮಗಳ ಬಾಣಂತನಕ್ಕೆ ಧಾರವಾಡದಿಂದ ರಾಯಚೂರಿಗೆ ಬಂದು ಮೂರು ತಿಂಗಳು ಉಳಿದೆ. 30 ದಿನಕ್ಕೇ ಬಿಪಿ ಮಾತ್ರೆ ಖಾಲಿ. ಔಷಧದ ಅಂಗಡಿಯಲ್ಲಿ ಸ್ಟ್ರಿಪ್ ತೋರಿಸಿದೆ, ಕತ್ತರಿಸಿದ ತುಂಡಿನಲ್ಲಿ ಹೆಸರೇ ಇರಲಿಲ್ಲ. ಬ್ರ್ಯಾಂಡ್ ಹೇಳಿದೆ, ಆ ಕಂಪನಿಯದು ಸಿಗಲಿಲ್ಲ. ಮನೆಯಿಂದ ಕೊರಿಯರ್ ಬರುವಷ್ಟರಲ್ಲಿ ನಾಲ್ಕು ದಿನ ಮಾತ್ರೆ ತಪ್ಪಿತ್ತು.

ಕೊನೆಗೆ ಕೆಲಸಕ್ಕೆ ಬಂದದ್ದು ಚೀಟಿ. ನಮ್ಮ ವೈದ್ಯರೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡಿ ಹೊಸದಾಗಿ ಬರೆಸಿದೆ. ಬ್ರ್ಯಾಂಡ್ ಬದಲು ಔಷಧದ ಮೂಲ ಹೆಸರು, ಬಿಡಿಬಿಡಿ ಅಕ್ಷರದಲ್ಲಿ: ಅಮ್ಲೋಡಿಪಿನ್ 5 ಮಿ.ಗ್ರಾಂ, ದಿನಕ್ಕೊಂದು, 60 ದಿನ. ಕೆಳಗೆ ದಿನಾಂಕ, ಸಹಿ, ವೈದ್ಯರ ನೋಂದಣಿ ಸಂಖ್ಯೆ. ಅದರ ಪ್ರಿಂಟ್ ಹಿಡಿದು ಜನೌಷಧಿ ಕೇಂದ್ರಕ್ಕೆ ಹೋದೆ. ಅಲ್ಲಿ ಮೂಲ ಹೆಸರಿನಲ್ಲೇ ಮಾರುವುದರಿಂದ ತಕ್ಷಣ ಸಿಕ್ಕಿತು. ಕೌಂಟರಿನಲ್ಲೇ ಸ್ಟ್ರಿಪ್ ಓದಿ. ಹೆಸರಿನ ಕೊನೆಗೆ ‘ಎಟಿ’ (AT) ಇದ್ದರೆ ಅಟೆನೊಲಾಲ್ ಎಂಬ ಇನ್ನೊಂದು ಬಿಪಿ ಔಷಧವೂ ಸೇರಿದ್ದು, ಬೇರೆಯೇ ಮಾತ್ರೆ.

ಈಗ 10 ಮಾತ್ರೆ ಉಳಿದಾಗಲೇ ಅಂಗಡಿಗೆ ಹೋಗುತ್ತೇನೆ.