ತಾರಸಿಯ ಮೇಲೊಂದು ಕುಂಟೆಬಿಲ್ಲೆ

2020ರ ಮಾರ್ಚ್ 24ರ ರಾತ್ರಿ, ಕೊರೊನಾ ಸೋಂಕು ತಡೆಯಲು 21 ದಿನಗಳ ಲಾಕ್‌ಡೌನ್ ಎಂದು ಕೇಳಿದಾಗ ನಾನು ಮೊದಲು ನೋಡಿದ್ದು ಅಕ್ಕಿ, ಬೇಳೆಯ ಡಬ್ಬಗಳನ್ನು. ಮಕ್ಕಳ ಕೈಕಾಲುಗಳ ಯೋಚನೆ ಬಂದಿದ್ದು ಎರಡು ವಾರಗಳ ಮೇಲೆ. ಒಂಬತ್ತು ವರ್ಷದ ಮೊಮ್ಮಗ ತಟ್ಟೆಯ ಮುಂದೆ ಕೂತು ಅನ್ನ ಕೆದಕುತ್ತಿದ್ದ. ರಾತ್ರಿ ಹನ್ನೊಂದಾದರೂ ನಿದ್ದೆಯಿಲ್ಲ, ಕಾರಣವಿಲ್ಲದೆ ತಂಗಿಯ ಮೇಲೆ ರೇಗಾಟ. "ಟಾನಿಕ್ ತರಿಸೋಣವೇ ಅತ್ತೆ?" ಎಂದಳು ಸೊಸೆ. ಅವನಿಗೆ ಬೇಕಾಗಿದ್ದುದು ಟಾನಿಕ್ ಅಲ್ಲ, ಬೆವರು ಬರುವಷ್ಟು ಓಟ. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯವರೆಗೆ ಶಾಲೆ ಮತ್ತೆ ತೆರೆದಿದ್ದು 2021ರ ಅಕ್ಟೋಬರ್ 25ರಂದು. ಚಿಕ್ಕ ಮಕ್ಕಳು ಒಂದೂವರೆ ವರ್ಷ ಶಾಲೆಯ ಮೈದಾನವನ್ನೇ ಕಾಣಲಿಲ್ಲ. ಅಂತಹ ಕಾಲ ಮತ್ತೆ ಬರಬಾರದು. ಬಂದರೆ ಉಪಯೋಗಕ್ಕಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆಟಕ್ಕೆ ವೇಳಾಪಟ್ಟಿ ಮಾಡಿ ಗೋಡೆಗೆ ಅಂಟಿಸಬೇಡಿ. ನನ್ನ ಮಗ ಹಾಗೆ ಮಾಡಿದ್ದ: ಐದಕ್ಕೆ ಸೂರ್ಯನಮಸ್ಕಾರ, ಐದೂಕಾಲಿಗೆ ಮೊಬೈಲ್ ನೋಡಿಕೊಂಡು ಕವಾಯತು. ದಿನವಿಡೀ ಆನ್‌ಲೈನ್ ಪಾಠ ಕೇಳಿದ ಮಕ್ಕಳಿಗೆ ಅದು ಇನ್ನೊಂದು ತರಗತಿಯಾಯಿತು, ನಾಲ್ಕನೇ ದಿನ ನಿಂತುಹೋಯಿತು. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈಬಿಸಿಯಾಗುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದೇ ಸಲಕ್ಕೆ ಆಗಬೇಕಿಲ್ಲ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಉಳಿದದ್ದು ಎಂದರೂ ಆಯಿತು.

ನಾನು ಮಾಡಿದ್ದು ಇಷ್ಟೇ: ಸೀಮೆಸುಣ್ಣ ಹಿಡಿದು ತಾರಸಿಗೆ ಹೋಗಿ ಕುಂಟೆಬಿಲ್ಲೆಯ ಎಂಟು ಮನೆ ಎಳೆದೆ. ಮನೆಯ ಅಗಲ ಮಗುವಿನ ಎರಡು ಪಾದದಷ್ಟಿರಲಿ, ಚಿಕ್ಕದಾದರೆ ಗೆರೆ ತುಳಿದು ಬೇಸರಪಡುತ್ತಾರೆ. ಬಿಲ್ಲೆಗೆ ಹಳೆಯ ಹೆಂಚಿನ ಚೂರೇ ಸರಿ. ಅಂಚನ್ನು ಒರಟು ಕಲ್ಲಿನ ಮೇಲೆ ನೀರು ಹಾಕಿ ತೇಯಿರಿ, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ. ಒಂದು ಸುತ್ತು ಬಲಗಾಲಿನಲ್ಲಿ, ಮರುಸುತ್ತು ಎಡಗಾಲಿನಲ್ಲಿ ಎಂದು ನಿಯಮ ಮಾಡಿದೆ. ಮೊದಲ ದಿನ ಮೊಮ್ಮಗ ಎಡಗಾಲಿನಲ್ಲಿ ಮೂರನೇ ಮನೆ ದಾಟಲಿಲ್ಲ, ಕೈ ಚಾಚಿ ವಾಲಿಬಿಟ್ಟ. ಹತ್ತು ದಿನದಲ್ಲಿ ಎಂಟನ್ನೂ ದಾಟಿದ. ಆಮೇಲೆ ಅಣ್ಣ ತಂಗಿ ಸೇರಿ ಗೆರೆಗಳನ್ನೇ ಬದಲಿಸಿದರು, ನನಗೆ ಅರ್ಥವಾಗದ ನಿಯಮಗಳನ್ನು ಕಟ್ಟಿದರು. ಹಿರಿಯರು ಬಾಯಿ ಬಿಗಿಹಿಡಿಯಬೇಕಾದದ್ದು ಅಲ್ಲೇ. "ಹಾಗಲ್ಲ, ಹೀಗೆ" ಎಂದು ತಿದ್ದಹೊರಟರೆ ಆಟ ಅವರದಾಗಿ ಉಳಿಯುವುದಿಲ್ಲ.

ಆದರೆ ಕಣ್ಣು ಅಲ್ಲೇ ಇರಲಿ. ತಾರಸಿಯ ಗೋಡೆ ಮಗುವಿನ ಎದೆಗಿಂತ ಎತ್ತರವಿಲ್ಲದಿದ್ದರೆ ಅಲ್ಲಿ ಆಟವೇ ಬೇಡ. ಗೋಡೆಯ ಬಳಿ ಕುರ್ಚಿ, ಬಕೆಟ್ಟು ಇಡಬೇಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೇ ಸಂಜೆ ಐದರ ಮೇಲೆ ಹೋಗಿ, ನಡುಹಗಲಲ್ಲಿ ನೆಲ ಅಂಗಾಲು ಸುಡುತ್ತದೆ.

ತಾರಸಿಯಿಲ್ಲದವರಿಗೆ ಕಾಲುಚೀಲದ ಚೆಂಡು ಇದೆ. ಹಳೆಯ ಕಾಲುಚೀಲಕ್ಕೆ ಬಟ್ಟೆಚೂರು ಗಟ್ಟಿಯಾಗಿ ತುಂಬಿ ಬಾಯಿ ಹೊಲಿಯಿರಿ. ಗಾಜು ಒಡೆಯುವುದಿಲ್ಲ, ಕೆಳಗಿನ ಮನೆಯವರಿಗೆ ಸದ್ದು ಕೇಳುವುದಿಲ್ಲ, ವಾರಕ್ಕೊಮ್ಮೆ ಒಗೆದು ಒಣಗಿಸಬಹುದು. ನಡುಮನೆಯ ಟೀಪಾಯಿಯನ್ನು ಸಂಜೆ ಗೋಡೆಗೆ ಸರಿಸಿ ಜಾಗ ಬಿಡಿ. ಒಂದು ಗಂಟೆ ಮನೆ ಚೆಲ್ಲಾಪಿಲ್ಲಿಯಾದರೆ ಆಗಲಿ.

ನಿರ್ಬಂಧ ಸಡಿಲವಾದಾಗ ಅಕ್ಕಪಕ್ಕದ ಮಕ್ಕಳೊಂದಿಗೆ ಬಿಡುವುದೇ ಎಂಬ ಭಯ ಎಲ್ಲರಿಗೂ ಇತ್ತು. ನಾವು ಎರಡು ಮನೆಯವರು ಮಾತಾಡಿಕೊಂಡು ಅದೇ ನಾಲ್ಕು ಮಕ್ಕಳು, ಬಯಲಿನಲ್ಲೇ ಆಟ ಎಂದು ನಿಶ್ಚಯಿಸಿದೆವು. ಯಾರಿಗಾದರೂ ಕೆಮ್ಮು, ಜ್ವರ ಕಂಡರೆ ಮುಚ್ಚಿಡದೆ ಹೇಳುವುದು ಎಂಬ ಮಾತೂ ಆಯಿತು. ಕಬಡ್ಡಿ ದೂರವಿಟ್ಟೆವು. ಹಗ್ಗದಾಟ, ಕುಂಟೆಬಿಲ್ಲೆ, ಬುಗುರಿ ಒಳ್ಳೆಯವು, ಅವರವರ ಹಗ್ಗ, ಬಿಲ್ಲೆ, ಬುಗುರಿ ಅವರವರದೇ. ಓಡುವಾಗ, ನೆಗೆಯುವಾಗ ಮಕ್ಕಳಿಗೆ ಮಾಸ್ಕ್ ಹಾಕಿಸಬೇಡಿ, ಉಸಿರಾಟಕ್ಕೆ ತೊಡಕಾಗುತ್ತದೆ. ಮಾಸ್ಕಿನ ಬದಲು ಅಂತರವಿರುವ ಆಟ ಆರಿಸಿ, ಒಳಗೆ ಬಂದಕೂಡಲೇ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಸಿ.

ಸೋಂಕು ಬಂದುಹೋದ ಮಗುವನ್ನು ಜ್ವರ ಬಿಟ್ಟ ಮರುದಿನವೇ ಕ್ರಿಕೆಟ್ಟಿಗೆ ಕಳುಹಿಸಬೇಡಿ. ವೈದ್ಯರನ್ನು ಕೇಳಿ, ಮೊದಲು ನಡಿಗೆ, ಆಮೇಲೆ ಮೆಲ್ಲನೆ ಓಟ. ಎದೆನೋವು, ತಲೆಸುತ್ತು, ಎದೆಬಡಿತ ಏರುಪೇರಾದಂತೆ ಅನಿಸುವುದು, ಮೊದಲಿಲ್ಲದ ಏದುಸಿರು, ಇವುಗಳಲ್ಲಿ ಒಂದು ಕಂಡರೂ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಇನ್ನೊಂದು, ನಾವು ಮರೆತು ಪಾಡುಪಟ್ಟದ್ದು. ಮನೆಯಲ್ಲಿ ಬರಿಗಾಲಿನಲ್ಲೇ ಇದ್ದ ಮಕ್ಕಳ ಪಾದ ಅಷ್ಟರಲ್ಲಿ ಬೆಳೆದಿತ್ತು. ಹಳೆಯ ಶೂ ಹಾಕಿಕೊಂಡು ಮೈದಾನಕ್ಕೆ ಹೋದ ಮೊಮ್ಮಗಳು ಸಂಜೆ ಕುಂಟುತ್ತಾ ಬಂದಳು, ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಶೂ ಹಾಕಿಸಿ ನಿಲ್ಲಿಸಿ, ತುದಿಯನ್ನು ನಿಮ್ಮ ಹೆಬ್ಬೆರಳಿನಿಂದ ಒತ್ತಿ ನೋಡಿ. ಅರ್ಧ ಅಂಗುಲ ಬಿಡುವಿರಬೇಕು.